ವಿಂಬಲ್ಡನ್ ಕ್ಲಬ್ ಕಥೆ: 1988ರ ಎಫ್‌ಎ ಕಪ್ ಈಗ ಯಾರದ್ದು?

ಲಾಂಗ್‌ಬಾಲ್ ಲೋಕಿ:
ಟ್ರಾನ್ಸ್‌ಫರ್ ಗಾಸಿಪ್ ಥ್ರೆಡ್‌ನಲ್ಲಿ ಯಾರೋ ಎಂಕೆ ಡಾನ್ಸ್ (ಇಂಗ್ಲೆಂಡಿನ ಮಿಲ್ಟನ್ ಕೀನ್ಸ್ ಊರಿನ ಫುಟ್‌ಬಾಲ್ ಕ್ಲಬ್) ಅಂದ್ರೆ ಲಿವರ್‌ಪೂಲ್ ಸೋಲಿಸಿ ಎಫ್‌ಎ ಕಪ್ (ಇಂಗ್ಲೆಂಡಿನ ನಾಕೌಟ್ ಕಪ್) ಗೆದ್ದಿರೋ ಟೀಮು ಅಂತ ಬರೆದು ಆರಾಮಾಗಿ ಹೋಗ್ಬಿಟ್ಟಿದಾರೆ. ಅಲ್ಲಿ ಜಗಳ ಆಡಿದ್ರೆ ಅಡ್ಮಿನ್ ಬೈತಾರೆ ಅಂತ ಇಲ್ಲಿ ಹೊಸದಾಗಿ ಶುರು ಮಾಡ್ತಿದೀನಿ. ಎಂಕೆ ಡಾನ್ಸ್ ಆ ಕಪ್ ಗೆದ್ದಿಲ್ಲ, ಗೆದ್ದಿದ್ದು ವಿಂಬಲ್ಡನ್. ಇವೆರಡಕ್ಕೂ ಏನು ಸಂಬಂಧ ಅನ್ನೋದೇ ದೊಡ್ಡ ಪಂಚಾಯ್ತಿ.

ಮೊದಲಿಂದ ಹೇಳ್ತೀನಿ. ಕ್ಲಬ್ ಶುರುವಾಗಿದ್ದು 1889ರಲ್ಲಿ, ವಿಂಬಲ್ಡನ್ ಓಲ್ಡ್ ಸೆಂಟ್ರಲ್ಸ್ ಅಂತ ಹೆಸರು, ಸ್ಥಳೀಯ ಶಾಲೆಯ ಹಳೇ ಹುಡುಗರು ಸೇರಿ ಕಟ್ಟಿದ್ದು. 1912ರಲ್ಲಿ ಪ್ಲೌ ಲೇನ್ ಅನ್ನೋ ಮೈದಾನಕ್ಕೆ ಬಂದ್ರು. ಟೆನಿಸ್ ನಡೆಯೋ ಅದೇ ವಿಂಬಲ್ಡನ್, ಆದ್ರೆ ಆ ಸ್ಟ್ರಾಬೆರಿ ಕ್ರೀಮಿಗೂ ಇವರಿಗೂ ಏನೂ ಸಂಬಂಧ ಇಲ್ಲ. ದಶಕಗಟ್ಟಲೆ ಅಮೆಚೂರ್ ಆಟ. 1963ರಲ್ಲಿ ಎಫ್‌ಎ ಅಮೆಚೂರ್ ಕಪ್ ಗೆದ್ರು, ಫೈನಲ್‌ನಲ್ಲಿ ಸಟನ್ ಯುನೈಟೆಡ್ ಮೇಲೆ 4-2, ಆ ನಾಲ್ಕೂ ಗೋಲು ಎಡ್ಡಿ ರೆನಾಲ್ಡ್ಸ್ ಒಬ್ಬನೇ ಹೊಡೆದಿದ್ದು, ಅದೂ ನಾಲ್ಕೂ ತಲೆಯಲ್ಲೇ!

ಆಮೇಲೆ 1975. ಆಗಿನ್ನೂ ಲೀಗಿನಲ್ಲೇ ಇಲ್ಲದ ಟೀಮು, ಎಫ್‌ಎ ಕಪ್‌ನಲ್ಲಿ ಫಸ್ಟ್ ಡಿವಿಷನ್‌ನ (ಆಗಿನ ಅತಿ ಮೇಲಿನ ಲೀಗ್) ಬರ್ನ್ಲಿಯನ್ನ ಅವರ ಊರಿಗೇ ಹೋಗಿ 1-0 ಸೋಲಿಸಿ ಬಂದ್ರು. ಮುಂದಿನ ಸುತ್ತಲ್ಲಿ ಲೀಡ್ಸ್, ಅಂದ್ರೆ ಆಗಿನ ಇಂಗ್ಲೆಂಡ್ ಚಾಂಪಿಯನ್, ಅವರ ಮೈದಾನದಲ್ಲೇ 0-0. ಪೀಟರ್ ಲೋರಿಮರ್ ಅಂದ್ರೆ ಆ ಕಾಲದಲ್ಲಿ ಬಾಲ್ ಒದ್ದರೆ ಗೋಲ್‌ಕೀಪರ್‌ಗಳು ದೇವರನ್ನ ನೆನೀತಿದ್ರು, ಅವನ ಪೆನಾಲ್ಟಿ ಹಿಡಿದಿದ್ದು ಡಿಕಿ ಗೈ ಅನ್ನೋ ಗೋಲ್‌ಕೀಪರ್. ಈ ಹೆಸರು ನೆನಪಲ್ಲಿಟ್ಕೊಳ್ಳಿ, ಕಥೇಲಿ ಮತ್ತೆ ಬರ್ತಾನೆ. ರೀಪ್ಲೇಯಲ್ಲಿ 1-0 ಸೋತ್ರು ಬಿಡಿ.

ಆಗೆಲ್ಲ ನಾನ್‌ಲೀಗ್‌ನಿಂದ ಮೇಲೆ ಹೋಗೋಕೆ ಗೆದ್ದರೆ ಸಾಲ್ತಿರಲಿಲ್ಲ, ಲೀಗಿನ ಕ್ಲಬ್ಬುಗಳೇ ವೋಟ್ ಹಾಕಿ ಒಳಗೆ ಬಿಟ್ಕೋಬೇಕಿತ್ತು. ಸತತ ಮೂರು ವರ್ಷ ಸದರ್ನ್ ಲೀಗ್ ಗೆದ್ದ ಮೇಲೆ 1977ರಲ್ಲಿ ವರ್ಕಿಂಗ್ಟನ್‌ನ ಹೊರಗಿಟ್ಟು ಇವರನ್ನ ತಗೊಂಡ್ರು. ಅಲ್ಲಿಂದ ಒಂಬತ್ತೇ ವರ್ಷ, ಹತ್ತೋದು ಇಳಿಯೋದು ಮತ್ತೆ ಹತ್ತೋದು ಮಾಡ್ಕೊಂಡು 1986ಕ್ಕೆ ಫಸ್ಟ್ ಡಿವಿಷನ್. ಆ ಸೆಪ್ಟೆಂಬರ್‌ನಲ್ಲಿ ಸ್ವಲ್ಪ ದಿನ ಟೇಬಲ್ ಟಾಪ್‌ನಲ್ಲೂ ಇದ್ರು.

ಹುಬ್ಬಳ್ಳಿ ಹಾಫ್‌ಬ್ಯಾಕ್:
ಛಲೋ ಬರದೀರಿ ಲೋಕಿ ಅಣ್ಣಾ. ಆದ್ರ ಮೇಲ ಹೋದದ್ದು ಹೆಂಗ ಅಂತ ಹೇಳಲಿಲ್ಲಲ್ಲ. ಡೇವ್ ಬ್ಯಾಸೆಟ್ ಮ್ಯಾನೇಜರ್, ಅವಂದು ಲೆಕ್ಕ ಸೀದಾ ಇತ್ತು. ನಮ್ಮ ಹತ್ರ ರೊಕ್ಕ ಇಲ್ಲ, ಮಿಡ್‌ಫೀಲ್ಡ್‌ನ್ಯಾಗ ಪಾಸ್ ಆಡಾಕ ಹೋದ್ರ ದೊಡ್ಡ ಟೀಮಿನವರು ಕಸಗೋತಾರ, ಅದಕ್ಕ ಗೋಲ್‌ಕೀಪರ್‌ನಿಂದ ಸೀದಾ ಮುಂದ ಒದೀರಿ, ಸ್ಟ್ರೈಕರ್ ಫಾಶಾನು ತಲಿ ಕೊಡ್ತಾನ, ಉಳಿದವ್ರು ಓಡ್ರಿ. ಮ್ಯಾಚ್ ನೋಡಾಕ ಚಂದ ಇರ್ಲಿಲ್ಲ ಖರೆ. ಪೇಪರಿನವ್ರು ಬಾಯಿಗೆ ಬಂದಂಗ ಬೈದ್ರು. ಆದ್ರ ಗೆಲ್ತಿದ್ರಲ್ರೀ! ವಿನ್ನಿ ಜೋನ್ಸ್ ಅಂತೂ ಕಟ್ಟಡ ಕೆಲಸದಾಗ ಇಟ್ಟಂಗಿ ಹೊರ್ತಿದ್ದವ, 1986ರಾಗ ಬಂದು ಒಂದೂವರೆ ವರ್ಷದಾಗ ವೆಂಬ್ಲಿಯೊಳಗ ನಿಂತಿದ್ದ. ಎದುರಾಳಿ ಆಟಗಾರ ಗ್ಯಾಸ್ಕೋಯ್ನ್‌ಗೆ ಎಲ್ಲಿ ಕೈ ಹಾಕಿ ಹಿಡದಿದ್ದ ಅಂತ ಫೋಟೋ ಎಲ್ಲಾರೂ ನೋಡೀರಿ, ಅದನ್ನ ನಾ ಇಲ್ಲಿ ಬರಿಯಂಗಿಲ್ಲ.

ರೆಡ್ಸ್ ರಾಘು:
ಲಿವರ್‌ಪೂಲ್ ಫ್ಯಾನ್ ಆಗಿ ಹೇಳ್ತೀನಿ, 1988 ಮೇ 14 ನಮ್ಗೆ ಸೂತಕದ ದಿನ. ಅವತ್ತು ಡಬಲ್ ಆಗ್ಬೇಕಿತ್ತು, ಲೀಗ್ ಆಗ್ಲೇ ಜೇಬಲ್ಲಿತ್ತು. ನಮ್ಮ ಪೀಟರ್ ಬಿಯರ್ಡ್ಸ್ಲಿ ಫೌಲ್ ಆದ್ರೂ ತಡ್ಕೊಂಡು ಓಡಿ ಕೀಪರ್ ಮೇಲಿಂದ ಚಿಪ್ ಮಾಡಿ ಗೋಲ್ ಹೊಡೆದಾಯ್ತು. ಅಷ್ಟರಲ್ಲಿ ರೆಫರಿ ಬ್ರಯಾನ್ ಹಿಲ್ ಸೀಟಿ ಊದಿ ನಮಗೇ ಫ್ರೀಕಿಕ್ ಕೊಟ್ಟಿದ್ದ 😭 ಅಡ್ವಾಂಟೇಜ್ ಬಿಟ್ಟಿದ್ರೆ ಗೋಲು. ಅದಾಗಿ ಸ್ವಲ್ಪ ಹೊತ್ತಿಗೇ 37ನೇ ನಿಮಿಷ, ವಿಂಬಲ್ಡನ್‌ನ ಡೆನಿಸ್ ವೈಸ್ ಫ್ರೀಕಿಕ್, ಲಾರಿ ಸಾಂಚೆಜ್ ಹೆಡ್ಡರ್, ಮುಗೀತು ಕಥೆ. 1-0.

ಕುಡ್ಲ ಕೀಪರ್:
ಎಂತ ಮುಗಿದದ್ದು ಮಾರಾಯ್ರೆ, ಸೆಕೆಂಡ್ ಹಾಫ್ ಪೆನಾಲ್ಟಿ ಮರೆತ್ರಾ ಅಥವಾ ಬೇಕಂತಲೇ ಬಿಟ್ಟದ್ದಾ? ಗೋಲ್‌ಕೀಪರ್‌ಗಳ ಪರವಾಗಿ ನಾನು ಬರೆಯಲೇಬೇಕು. ಲಿವರ್‌ಪೂಲ್‌ನ ಆಲ್ಡ್ರಿಜ್ ಬಿದ್ದದ್ದು ವಿಂಬಲ್ಡನ್‌ನ ಕ್ಲೈವ್ ಗುಡ್‌ಇಯರ್ ಟ್ಯಾಕಲಿಗೆ. ವಿಡಿಯೋ ನೋಡಿ, ಅವ ಬಾಲಿಗೇ ಕಾಲು ಹಾಕಿದ್ದು, ಅದು ಪೆನಾಲ್ಟಿಯೇ ಅಲ್ಲ. ಹಾಗಾಗಿ ರೆಫರಿ ಬಗ್ಗೆ ನೀವು ಅಳ್ಳಿಕ್ಕೆ ಇಲ್ಲ, ಲೆಕ್ಕ ಸಮ ಆಯ್ತು. ಆಲ್ಡ್ರಿಜ್ ಆ ಸೀಸನ್‌ನಲ್ಲಿ ಒಂದೂ ಪೆನಾಲ್ಟಿ ಮಿಸ್ ಮಾಡಿದವ ಅಲ್ಲ. ಓಡಿ ಬಂದು ಒಂದು ಕ್ಷಣ ತಡೆದು ಹೊಡೀತಾನೆ, ಕೀಪರ್ ಮೊದಲೇ ಅಲ್ಲಾಡಿದರೆ ಇನ್ನೊಂದು ಬದಿಗೆ. ವಿಂಬಲ್ಡನ್ ಕೀಪರ್ ಡೇವ್ ಬೆಸಾಂಟ್ ಅಲ್ಲಾಡಲೇ ಇಲ್ಲ. ಕೊನೇ ಗಳಿಗೆಯಲ್ಲಿ ಎಡಕ್ಕೆ ಉದ್ದಕ್ಕೆ ಮಲಗಿದ, ಕೈಗೆ ತಾಗಿ ಬಾಲ್ ಕಂಬದ ಹೊರಗೆ ಹೋಯ್ತು. ವೆಂಬ್ಲಿಯ ಎಫ್‌ಎ ಕಪ್ ಫೈನಲ್‌ನಲ್ಲಿ ಪೆನಾಲ್ಟಿ ಹಿಡಿದ ಮೊದಲನೆಯವ. ಕ್ಯಾಪ್ಟನ್ ಕೂಡ ಅವನೇ, ಗೋಲ್‌ಕೀಪರ್ ಕ್ಯಾಪ್ಟನ್ ಆಗಿ ವೆಂಬ್ಲಿಯಲ್ಲಿ ಆ ಕಪ್ ಎತ್ತಿದ್ದೂ ಅದೇ ಮೊದಲು. ಬ್ಯಾಸೆಟ್ ಅಷ್ಟೊತ್ತಿಗೆ ವಾಟ್‌ಫರ್ಡಿಗೆ ಹೋಗಿ ಆಗಿತ್ತು, ಬೆಂಚಿನಲ್ಲಿ ಕೂತದ್ದು ಬಾಬಿ ಗೂಲ್ಡ್.

ಇನ್ನೊಂದು ಪಾಪದ ವಿಷಯ ಉಂಟು. ಕಪ್ ಗೆದ್ದವರು ಯುರೋಪಿಗೆ ಆಡ್ಲಿಕ್ಕೆ ಹೋಗ್ಬೇಕು ಅಲ್ವಾ? 1985ರ ಹೈಸೆಲ್ ದುರಂತದ (ಬ್ರಸೆಲ್ಸ್ ಸ್ಟೇಡಿಯಂನಲ್ಲಿ ಪ್ರೇಕ್ಷಕರು ಸತ್ತದ್ದು) ನಂತರ ಇಂಗ್ಲಿಷ್ ಕ್ಲಬ್ಬುಗಳಿಗೆಲ್ಲ ನಿಷೇಧ ಇತ್ತು, ಹಾಗಾಗಿ ಇವರಿಗೆ ಆ ಭಾಗ್ಯವೂ ಸಿಗಲಿಲ್ಲ.

ರೆಡ್ಸ್ ರಾಘು:
ಬೇಕಂತಲೇ ಬಿಟ್ಟಿದ್ದು 😂

ಬಾಳೇಹೊನ್ನೂರು ಬ್ಯಾಕ್‌ಪಾಸ್:
ಇದೆಲ್ಲ ಸರಿ. ಕಪ್ ಗೆದ್ದ ಕ್ಲಬ್ಬು ಊರು ಬಿಟ್ಟು ಓಡೋ ಪರಿಸ್ಥಿತಿ ಯಾಕೆ ಬಂತು? ಪ್ರೀಮಿಯರ್ ಲೀಗ್ ದುಡ್ಡೆಲ್ಲ ಎಲ್ಲೋಯ್ತು?

ಲಾಂಗ್‌ಬಾಲ್ ಲೋಕಿ:
ಅಲ್ಲೇ ಇರೋದು ನೋಡಿ ವಿಷಯ. ಪ್ಲೌ ಲೇನ್ ಹಳೇ ಕಾಲದ ಮೈದಾನ, ನಿಂತ್ಕೊಂಡು ನೋಡೋ ಟೆರೇಸು, ತಗಡು ಶೀಟು. 1989ರಲ್ಲಿ ಹಿಲ್ಸ್‌ಬರೋ ದುರಂತ (ಸ್ಟೇಡಿಯಂ ನೂಕುನುಗ್ಗಲಲ್ಲಿ ಜನ ಸತ್ತಿದ್ದು) ಆಯ್ತು, ಅದರ ತನಿಖೆಯ ಟೇಲರ್ ವರದಿ ಬಂತು, ದೊಡ್ಡ ಡಿವಿಷನ್ ಮೈದಾನಗಳಲ್ಲಿ ಎಲ್ಲರಿಗೂ ಸೀಟು ಇರಲೇಬೇಕು ಅಂತ ಆಯ್ತು. ಮಾಲೀಕ ಸ್ಯಾಮ್ ಹಮ್ಮಾಮ್ ಪ್ಲೌ ಲೇನ್‌ನ ಹಂಗೆ ಮಾಡೋಕಾಗಲ್ಲ ಅಂದ. 1991ರಲ್ಲಿ ಕ್ರಿಸ್ಟಲ್ ಪ್ಯಾಲೇಸ್‌ನವರ ಸೆಲ್‌ಹರ್ಸ್ಟ್ ಪಾರ್ಕ್‌ಗೆ ಬಾಡಿಗೆಗೆ ಹೋದ್ರು, ತಾತ್ಕಾಲಿಕ ಅಂತ ಹೇಳಿ. ಆ ತಾತ್ಕಾಲಿಕ ಹನ್ನೆರಡು ವರ್ಷ ನಡೀತು. ಹಳೇ ಜಾಗವನ್ನ ಸೂಪರ್‌ಮಾರ್ಕೆಟ್ ಕಂಪನಿಗೆ ಮಾರಿದ್ರು.

ಬಾಡಿಗೆ ಮನೆಗೆ ಜನ ಬರಲಿಲ್ಲ. 1993ರ ಜನವರಿಯಲ್ಲಿ ಎವರ್ಟನ್ ಮೇಲಿನ ಪ್ರೀಮಿಯರ್ ಲೀಗ್ ಮ್ಯಾಚಿಗೆ ಬಂದೋರು 3,039 ಜನ. ಆದ್ರೂ ಮೈದಾನದಲ್ಲಿ ಟೀಮು ಮಾತ್ರ ಚೆನ್ನಾಗೇ ಆಡ್ತಿತ್ತು. ಜೋ ಕಿನ್ನಿಯರ್ ಕೈಯಲ್ಲಿ 1993-94ರಲ್ಲಿ ಆರನೇ ಸ್ಥಾನ, 1996-97ರಲ್ಲಿ ಎರಡೂ ಕಪ್ ಸೆಮಿಫೈನಲ್. ಆದ್ರೆ ಒಳಗೊಳಗೇ ಮಾಲೀಕರು ಊರು ಹುಡುಕ್ತಿದ್ರು. ಡಬ್ಲಿನ್‌ಗೆ ಹೋಗೋಣ ಅಂತ ಮಾತಾಯ್ತು. ಬೇರೆ ದೇಶ ಸ್ವಾಮಿ! 1997ರಲ್ಲಿ ನಾರ್ವೆ ಶ್ರೀಮಂತರಿಬ್ಬರು ಕ್ಲಬ್ ತಗೊಂಡ್ರು. 2000ದ ಮೇ 14, ಕಪ್ ಗೆದ್ದು ಸರಿಯಾಗಿ ಹನ್ನೆರಡು ವರ್ಷ ಆದ ದಿನ, ಸೌತಾಂಪ್ಟನ್‌ನಲ್ಲಿ 2-0 ಸೋತು ಪ್ರೀಮಿಯರ್ ಲೀಗಿಂದ ಕೆಳಗೆ ಬಿದ್ರು.

2001ರಲ್ಲಿ ಹೊಸ ಬಾಂಬ್: ಕ್ಲಬ್‌ನ ಮಿಲ್ಟನ್ ಕೀನ್ಸ್‌ಗೆ ಒಯ್ತೀವಿ. ವಿಂಬಲ್ಡನ್‌ನಿಂದ ಸುಮಾರು 90 ಕಿಲೋಮೀಟರ್. ಅಲ್ಲಿ ಪೀಟ್ ವಿಂಕಲ್‌ಮನ್ ಅನ್ನೋ ಮ್ಯೂಸಿಕ್ ಬಿಸಿನೆಸ್ ಆಸಾಮಿ ಸ್ಟೇಡಿಯಂ ಪ್ಲಾನ್ ಇಟ್ಕೊಂಡು ಯಾವುದಾದ್ರೂ ಲೀಗ್ ಕ್ಲಬ್ ಸಿಗುತ್ತಾ ಅಂತ ಕಾಯ್ತಿದ್ದ. ಫುಟ್‌ಬಾಲ್ ಲೀಗ್ ಮೊದಲು ಆಗಲ್ಲ ಅಂತು. ಮೇಲ್ಮನವಿ ಆಗಿ, ಕೊನೆಗೆ ಎಫ್‌ಎ (ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ) ಮೂರು ಜನರ ಸ್ವತಂತ್ರ ಕಮಿಷನ್ ಕೂರಿಸ್ತು, ಅದು 2002ರ ಮೇ 28ಕ್ಕೆ 2-1 ಬಹುಮತದಲ್ಲಿ ಹೋಗಬಹುದು ಅಂತ ತೀರ್ಪು ಕೊಡ್ತು. ಫ್ಯಾನ್‌ಗಳು ವಿಂಬಲ್ಡನ್‌ನಲ್ಲಿ ಬೇರೆ ಕ್ಲಬ್ ಕಟ್ಟೋದು ಫುಟ್‌ಬಾಲ್‌ನ ವಿಶಾಲ ಹಿತಕ್ಕೆ ಒಳ್ಳೇದಲ್ಲ ಅನ್ನೋ ಅರ್ಥದ ಸಾಲೂ ಆ ತೀರ್ಪಲ್ಲಿತ್ತು. ಆ ಸಾಲನ್ನ ಅವರ ಫ್ಯಾನ್‌ಗಳು ಇವತ್ತಿಗೂ ಹಲ್ಲು ಕಚ್ಕೊಂಡು ನೆನಪಿಟ್ಕೊಂಡಿದಾರೆ.

ಹುಬ್ಬಳ್ಳಿ ಹಾಫ್‌ಬ್ಯಾಕ್:
ಕಟ್ಟಿದ್ರಲ್ಲ ಮತ್ತ! ತೀರ್ಪು ಬಂದು ಎರಡ ಮೂರ ದಿನದಾಗ ಎಎಫ್‌ಸಿ ವಿಂಬಲ್ಡನ್ ಅಂತ ಹೊಸಾ ಕ್ಲಬ್. ಆಟಗಾರರು ಇಲ್ಲ, ಮೈದಾನ ಇಲ್ಲ, ಲೀಗ್ ಇಲ್ಲ. ಜೂನ್ 29ಕ್ಕ ವಿಂಬಲ್ಡನ್ ಕಾಮನ್ ಅನ್ನೋ ಬಯಲಾಗ ಟ್ರಯಲ್ ಇಟ್ರು, ಯಾರ ಬೇಕಾದ್ರೂ ಬರ್ರಿ ಅಂತ, 230 ಮಂದಿ ಬೂಟು ಹಿಡ್ಕೊಂಡು ಬಂದ್ರು. ಜುಲೈ 10ಕ್ಕ ಸಟನ್ ಯುನೈಟೆಡ್ ಜೋಡಿ ಮೊದಲ ಫ್ರೆಂಡ್ಲಿ, 4-0 ಸೋತ್ರು. ನೋಡಾಕ ಬಂದಾವ್ರು 4,657. ಲೋಕಿ ಅಣ್ಣ ಮ್ಯಾಲೆ ಕೊಟ್ಟ ಎವರ್ಟನ್ ಮ್ಯಾಚಿನ ನಂಬರ್ ಇನ್ನೊಮ್ಮೆ ನೋಡ್ರಿ. ಪ್ರೀಮಿಯರ್ ಲೀಗ್ ಮ್ಯಾಚಿಗಿಂತ ಜಾಸ್ತಿ ಮಂದಿ, ಇನ್ನೂ ಹೆಸರಿಲ್ಲದ ಆಟಗಾರರ ಫ್ರೆಂಡ್ಲಿಗೆ!

ಬಾಳೇಹೊನ್ನೂರು ಬ್ಯಾಕ್‌ಪಾಸ್:
ನಂಗೊಂದು ಅರ್ಥ ಆಗ್ತಿಲ್ಲ, ಇದಕ್ಕೆ ಇಷ್ಟೊಂದು ಗಲಾಟೆ ಯಾಕೆ? ನಮ್ಮ ಐಎಸ್‌ಎಲ್‌ನಲ್ಲಿ ಡೆಲ್ಲಿ ಡೈನಮೋಸ್ 2019ರಲ್ಲಿ ಭುವನೇಶ್ವರಕ್ಕೆ ಹೋಗಿ ಒಡಿಶಾ ಎಫ್‌ಸಿ ಆಯ್ತು, ಯಾರೂ ಕಣ್ಣೀರು ಹಾಕ್ಲಿಲ್ಲ. ಆರ್ಸೆನಲ್ ಕೂಡ ವುಲ್‌ವಿಚ್ ಕಡೆಯಿಂದ ಬಂದಿದ್ದೇ ಅಲ್ವಾ?

ಲಾಂಗ್‌ಬಾಲ್ ಲೋಕಿ:
ಆರ್ಸೆನಲ್ 1913ರಲ್ಲಿ ಥೇಮ್ಸ್ ದಾಟಿ ಹೈಬರಿಗೆ ಬಂದಿದ್ದು, ಲಂಡನ್ ಬಿಟ್ಟು ಹೋಗಲಿಲ್ಲ, ಹಳೇ ಫ್ಯಾನ್ ಮನಸ್ಸು ಮಾಡಿದ್ರೆ ಟ್ರೈನ್ ಹತ್ತಿ ಹೋಗಬಹುದಿತ್ತು. ಇನ್ನು ಡೈನಮೋಸ್ ಹುಟ್ಟಿ ಐದು ವರ್ಷ ಆಗಿತ್ತಷ್ಟೆ, ಫ್ರಾಂಚೈಸಿ ಅಂತಲೇ ಹುಟ್ಟಿದ್ದು. ನೂರು ವರ್ಷ ಅಪ್ಪ ಮಗ ಮೊಮ್ಮಗ ಅಂತ ಒಂದೇ ಗೇಟಲ್ಲಿ ಹೋದೋರಿಗೆ ನಾಳೆಯಿಂದ ದಾವಣಗೆರೆಗೆ ಬನ್ನಿ ಅಂದ್ರೆ ಹೆಂಗಿರುತ್ತೆ ಯೋಚ್ನೆ ಮಾಡಿ ಬ್ರೋ. ಅಲ್ಲಿ ಲೀಗ್ ವ್ಯವಸ್ಥೆಯ ಬುಡವೇ ಬೇರೆ, ಯಾವ ಊರಿನ ಟೀಮಾದ್ರೂ ಕೆಳಗಿಂದ ಗೆದ್ದು ಗೆದ್ದು ಮೇಲೆ ಬರಬಹುದು. ಮಿಲ್ಟನ್ ಕೀನ್ಸ್‌ಗೆ ಕ್ಲಬ್ ಬೇಕಿದ್ರೆ ಹಂಗೇ ಬರಬಹುದಿತ್ತು, ವಿಂಬಲ್ಡನ್ನೇ ಬಂದಿರಲಿಲ್ವಾ? ಕ್ಯೂನಲ್ಲಿ ನಿಲ್ಲದೆ ಬೇರೆಯವರ ಟೋಕನ್ ತಗೊಂಡು ಒಳಗೆ ಹೋದ್ರು ಅನ್ನೋದೇ ಸಿಟ್ಟು.

ಎಂಕೆ ನಿವಾಸಿ:
ಮಿಲ್ಟನ್ ಕೀನ್ಸ್‌ನಲ್ಲೇ ಇರೋನು ನಾನು, ಇಷ್ಟೊತ್ತು ಸುಮ್ನೆ ಓದ್ತಿದ್ದೆ. ನಮ್ಮ ಕಡೆ ಮಾತೂ ಸ್ವಲ್ಪ ಕೇಳಿ. ಇದು 1967ರಲ್ಲಿ ಘೋಷಣೆಯಾದ ಹೊಸ ಊರು, ಎರಡು ಲಕ್ಷ ಜನ ಇದ್ರೂ ಒಂದು ಲೀಗ್ ಕ್ಲಬ್ ಇರ್ಲಿಲ್ಲ. ಕ್ಲಬ್‌ನ ಕದ್ದಿದ್ದು ಅಂತೀರಾ, ಆದ್ರೆ ಮೈದಾನ ಮಾರಿದ್ದು ನಾವಲ್ಲ, ಡಬ್ಲಿನ್ ಅಂದಿದ್ದು ನಾವಲ್ಲ, ಸಾಲ ಮಾಡಿದ್ದೂ ನಾವಲ್ಲ. 2003ರ ಜೂನ್‌ನಲ್ಲಿ ಕ್ಲಬ್ಬು ಅಡ್ಮಿನಿಸ್ಟ್ರೇಷನ್‌ಗೆ (ಸಾಲ ತೀರಿಸೋಕಾಗದೆ ಹೊರಗಿನ ಆಡಳಿತಗಾರರ ಕೈಗೆ) ಹೋಗಿತ್ತು, ವಿಂಕಲ್‌ಮನ್ ಕೈ ಹಾಕದಿದ್ರೆ ಬಾಗಿಲು ಹಾಕೋ ಪರಿಸ್ಥಿತಿ. ಆ ಸೆಪ್ಟೆಂಬರ್‌ನಲ್ಲಿ ಇಲ್ಲಿನ ನ್ಯಾಷನಲ್ ಹಾಕಿ ಸ್ಟೇಡಿಯಂನಲ್ಲಿ ಮೊದಲ ಮ್ಯಾಚು, ಬರ್ನ್ಲಿ ಜೊತೆ 2-2. 2004ರಲ್ಲಿ ಹೆಸರು ಬದಲಾಯ್ತು, 2007ರಲ್ಲಿ ಸ್ವಂತ ಸ್ಟೇಡಿಯಂ. ಇಂಗ್ಲೆಂಡ್ ಆಟಗಾರ ಡೆಲೆ ಆಲಿ ಬೆಳೆದಿದ್ದು ನಮ್ಮ ಅಕಾಡೆಮಿಯಲ್ಲಿ. 2014ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ 4-0 ಬಾರಿಸಿದ್ವಿ, ಅದು ಯಾರ ಇತಿಹಾಸವೂ ಅಲ್ಲ, ನಮ್ಮದೇ.

ಇನ್ನು ಕಪ್ ವಿಷಯ. 2007ರಲ್ಲೇ ಹಳೇ ಟ್ರೋಫಿ ಪ್ರತಿಕೃತಿ, ನೆನಪಿನ ಸಾಮಾನು ಎಲ್ಲ ವಿಂಬಲ್ಡನ್ ಇರೋ ಮರ್ಟನ್ ಕೌನ್ಸಿಲ್‌ಗೆ ಕೊಟ್ಟಾಯ್ತು. 1988 ನಮ್ಮದು ಅಂತ ಕ್ಲಬ್ ಹೇಳ್ತಾನೂ ಇಲ್ಲ. 2004ರಲ್ಲಿ ಹುಟ್ಟಿದ ಕ್ಲಬ್ ಅಂತಲೇ ಒಪ್ಕೊಂಡಾಗಿದೆ. ನನ್ನ ಮಗಳು ಆ ಕೆಂಪು ಬಿಳಿ ಜರ್ಸಿ ಬಿಟ್ಟು ಬೇರೆ ಟೀಮ್ ಕಂಡೇ ಇಲ್ಲ, ಅವಳು ಏನು ತಪ್ಪು ಮಾಡಿದ್ಳು ಅಂತ ಪ್ರತಿ ಥ್ರೆಡ್‌ನಲ್ಲೂ ಬೈಸ್ಕೋಬೇಕು?

ಟೂಟಿಂಗ್ ಸುಮ:
ನಿಮ್ಮ ಮಗಳಿಗೆ ಯಾರೂ ಬೈತಿಲ್ಲ ಸರ್. ಆದ್ರೆ ಸಾಮಾನು ವಾಪಸ್ ಕೊಟ್ಟಿದ್ದು ತಾನಾಗೇ ಬಂದ ಒಳ್ಳೇತನ ಅಲ್ಲ. ದೇಶದ ಫುಟ್‌ಬಾಲ್ ಸಪೋರ್ಟರ್ಸ್ ಒಕ್ಕೂಟ ನಿಮ್ಮ ಫ್ಯಾನ್ ಸಂಘವನ್ನ ಸೇರಿಸ್ಕೊಳ್ಳೋಕೆ ಒಪ್ಪಿರ್ಲಿಲ್ಲ, ಆ ಒಪ್ಪಂದ ಆದ ಮೇಲೇ ಬಾಗಿಲು ತೆಗೆದಿದ್ದು. ಮತ್ತೆ "ಡಾನ್ಸ್" ಅನ್ನೋದು ಯಾರ ಅಡ್ಡಹೆಸರು? ವಿಂಬಲ್ಡನ್‌ದು. ಅದನ್ನ ಮಾತ್ರ ಇವತ್ತಿಗೂ ಇಟ್ಕೊಂಡಿದೀರಲ್ಲ.

ನಾನು ಇರೋದು ಲಂಡನ್ನಿನ ಟೂಟಿಂಗ್‌ನಲ್ಲಿ, ಇಡ್ಲಿ ದೋಸೆ ಸಿಗುತ್ತೆ ಅಂತ ಬಂದು ಸೇರ್ಕೊಂಡಿದ್ದು 😄 ಪ್ಲೌ ಲೇನ್‌ಗೆ ನಡ್ಕೊಂಡೇ ಹೋಗಬಹುದು. ಹಳೇ ಮೈದಾನದ ಜಾಗದಲ್ಲಿ ಈಗ ಫ್ಲಾಟುಗಳಿವೆ, ಅದಕ್ಕೆ ರೆನಾಲ್ಡ್ಸ್ ಗೇಟ್ ಅಂತ ಹೆಸರು, ಲೋಕಿಯವರು ಹೇಳಿದ ಆ ನಾಲ್ಕು ಹೆಡ್ಡರ್ ಎಡ್ಡಿ ರೆನಾಲ್ಡ್ಸ್ ಹೆಸರೇ. ಅಲ್ಲಿಂದ ಕೂಗಳತೆ ದೂರದಲ್ಲಿ ನಾಯಿ ರೇಸ್ ಸ್ಟೇಡಿಯಂ ಇತ್ತು, 2017ರಲ್ಲಿ ಮುಚ್ಚಿತು, ಅದೇ ಜಾಗದಲ್ಲಿ ಈಗ ಎಎಫ್‌ಸಿ ವಿಂಬಲ್ಡನ್‌ನ ಹೊಸ ಪ್ಲೌ ಲೇನ್.

ಕಟ್ಟಿದ ರೀತಿ ಹೇಳ್ಬೇಕು. ದುಡ್ಡು ಸಾಲದೆ ಬಂತು, ಹೊರಗಿನ ಹೂಡಿಕೆದಾರರಿಗೆ ಷೇರು ಕೊಡೋಣ ಅನ್ನೋ ಮಾತು ಬಂತು. ಕ್ಲಬ್ ಫ್ಯಾನ್‌ಗಳ ಟ್ರಸ್ಟ್ ಕೈಯಲ್ಲಿದೆಯಲ್ಲ, ಡಾನ್ಸ್ ಟ್ರಸ್ಟ್ ಅಂತ, ಅವರಿಗೆ ಮತ್ತೆ ಒಬ್ಬ ಮಾಲೀಕನ ಕೈಗೆ ಹೋಗೋದು ಅಂದ್ರೆ ಎದೆ ಧಸಕ್ ಅನ್ನುತ್ತೆ. ಆಗ ಕೆಲವು ಸದಸ್ಯರು ಬಾಂಡ್ ತಂದ್ರು, ಫ್ಯಾನ್‌ಗಳೇ ಕ್ಲಬ್‌ಗೆ ಸಾಲ ಕೊಡೋದು, ಬಡ್ಡಿ ಎಷ್ಟು ಬೇಕು ಅಂತ ಕೊಡೋರೇ ಹೇಳೋದು. 50 ಲಕ್ಷ ಪೌಂಡ್ ಮೇಲೆ ಬಂತು! 2020ರ ನವೆಂಬರ್ 3ಕ್ಕೆ ಡಾನ್‌ಕಾಸ್ಟರ್ ಜೊತೆ ಮೊದಲ ಮ್ಯಾಚು, 2-2. ಕೋವಿಡ್‌ನಿಂದಾಗಿ ಒಳಗೆ ಒಬ್ಬ ಪ್ರೇಕ್ಷಕನೂ ಇಲ್ಲ. ಮನೆ ಕಟ್ಟಿ ಗೃಹಪ್ರವೇಶಕ್ಕೆ ಮನೆಯವರೇ ಬರೋಹಾಗಿಲ್ಲ ಅನ್ನೋ ಥರ ಆಯ್ತು.

ಕುಡ್ಲ ಕೀಪರ್:
ಮಧ್ಯದ್ದು ಬಿಟ್ಟು ಹಾರಿದ್ರಿ ನೀವು. ಎಎಫ್‌ಸಿ ವಿಂಬಲ್ಡನ್ ಶುರು ಮಾಡಿದ ಕಂಬೈಂಡ್ ಕೌಂಟೀಸ್ ಲೀಗ್ ಅಂದರೆ ಮೇಲಿಂದ ಒಂಬತ್ತನೇ ಮೆಟ್ಟಿಲು ಅಂತ ಹೇಳ್ತಾರೆ. ಅಲ್ಲಿ ಇವರ ಮ್ಯಾಚಿಗೆ ಮೂರು ಸಾವಿರ ಜನ, ಅದೇ ಸೀಸನ್ನಿನಲ್ಲಿ ಸೆಲ್‌ಹರ್ಸ್ಟ್‌ನಲ್ಲಿ ಉಳಿದಿದ್ದ ಮೂಲ ಕ್ಲಬ್ಬಿನ ಒಂದು ಮ್ಯಾಚಿಗೆ ಸಾವಿರ ಜನವೂ ಇಲ್ಲ. ಎರಡನೇ ಸೀಸನ್: 46 ಮ್ಯಾಚು, 42 ಗೆಲುವು, 4 ಡ್ರಾ, ಸೋಲು ಸೊನ್ನೆ. 2003ರ ಫೆಬ್ರವರಿಯಿಂದ 2004ರ ಡಿಸೆಂಬರ್‌ವರೆಗೆ ಲೀಗಿನಲ್ಲಿ 78 ಮ್ಯಾಚು ಸೋಲದೆ ಆಡಿದ್ದು, ಕಡೆಗೆ ಸೋಲಿಸಿದ್ದು ಕ್ರೇ ವಾಂಡರರ್ಸ್. ಕ್ಲಬ್ಬಿಗೆ ಗೌರವಾಧ್ಯಕ್ಷ ಯಾರು ಗೊತ್ತುಂಟಾ? ಲೋರಿಮರ್ ಪೆನಾಲ್ಟಿ ಹಿಡಿದ ಡಿಕಿ ಗೈ!

2007ರಲ್ಲಿ ಒಂದು ತಮಾಷೆಯೂ ಆಯ್ತು. ಜರ್ಮೇನ್ ಡಾರ್ಲಿಂಗ್ಟನ್ ಅಂತ ಆಟಗಾರ, ಮೊದಲು ಕಾರ್ಡಿಫ್‌ನಲ್ಲಿ ಇದ್ದವ. ಕಾರ್ಡಿಫ್ ಆಡುವುದು ಇಂಗ್ಲಿಷ್ ಲೀಗಿನಲ್ಲೇ, ಆದರೆ ಊರು ವೇಲ್ಸ್. ಹಾಗಾಗಿ ಅವನಿಗೆ ಅಂತರರಾಷ್ಟ್ರೀಯ ಟ್ರಾನ್ಸ್‌ಫರ್ ಕಾಗದ ಬೇಕಿತ್ತಂತೆ, ಇವರು ತೆಗೊಂಡಿರಲಿಲ್ಲ. ಒಂದು ಕಾಗದಕ್ಕೆ 18 ಪಾಯಿಂಟ್ ಕಟ್! ದೊಡ್ಡ ಗಲಾಟೆ ಆಗಿ ಕಡೆಗೆ 3ಕ್ಕೆ ಇಳಿಸಿದರು.

ಹುಬ್ಬಳ್ಳಿ ಹಾಫ್‌ಬ್ಯಾಕ್:
2011 ನಾ ಹೇಳ್ತೀನಿ. ಕಾನ್ಫರೆನ್ಸ್ (ಫುಟ್‌ಬಾಲ್ ಲೀಗ್‌ಗಿಂತ ಒಂದು ಮೆಟ್ಟಿಲು ಕೆಳಗ) ಪ್ಲೇಆಫ್ ಫೈನಲ್, ಲೂಟನ್ ಟೌನ್ ಜೋಡಿ, ಮ್ಯಾಂಚೆಸ್ಟರ್ ಸಿಟಿ ಮೈದಾನದಾಗ. ಎಕ್ಸ್‌ಟ್ರಾ ಟೈಮ್ ಮುಗದ್ರೂ 0-0. ಪೆನಾಲ್ಟಿಯೊಳಗ ಸೆಬ್ ಬ್ರೌನ್ ಎರಡು ಹಿಡದ, ಕೊನೀದು ಒದ್ಯಾಂವ ಕ್ಯಾಪ್ಟನ್ ಡ್ಯಾನಿ ಕೆಡ್‌ವೆಲ್, ಏನೂ ನಾಜೂಕಿಲ್ಲ, ಜಾಲಿ ಹರಿಯೋ ಹಂಗ ಒದ್ದ. ಒಂಬತ್ತು ಸೀಸನ್, ಐದು ಪ್ರಮೋಷನ್, ಫುಟ್‌ಬಾಲ್ ಲೀಗ್ ಒಳಗ ಬಂದ್ರು. ಬಯಲಾಗ ಟ್ರಯಲ್ ಇಟ್ಟ ಕ್ಲಬ್ಬು! ಇಬ್ರೂ ಎದುರಾಬದರಾ ಆಗೂದು ಅಲ್ಲಿಂದ ಬರೇ ದಿನದ ಮಾತಾಗಿತ್ತು.

ಎಂಕೆ ನಿವಾಸಿ:
ಆಗಿದ್ದು 2012ರ ಡಿಸೆಂಬರ್ 2, ಎಫ್‌ಎ ಕಪ್. ಕೊನೇ ಗಳಿಗೆಯಲ್ಲಿ ಜಾನ್ ಒಟ್ಸೆಮೊಬೋರ್ ಹಿಮ್ಮಡಿಯಲ್ಲಿ ತಟ್ಟಿದ ಗೋಲು, 2-1 ನಾವು ಗೆದ್ವಿ. ಇದನ್ನೂ ಬರ್ಕೊಳ್ಳಿ ಇತಿಹಾಸದಲ್ಲಿ.

ಟೂಟಿಂಗ್ ಸುಮ:
ಬರ್ಕೊಂಡ್ವಿ ಸರ್, ಜೊತೆಗೆ 2014ರ ಅಕ್ಟೋಬರ್‌ನಲ್ಲಿ ನಿಮ್ಮ ಸ್ಟೇಡಿಯಂಗೇ ಬಂದು 3-2 ಹೊಡೆದಿದ್ದು, ಗೆಲುವಿನ ಗೋಲು ಅಕಿನ್‌ಫೆನ್ವಾದು ಅನ್ನೋದನ್ನೂ. 2016ರಲ್ಲಿ ವೆಂಬ್ಲಿಯಲ್ಲಿ ಪ್ಲಿಮತ್‌ನ 2-0 ಸೋಲಿಸಿ ಲೀಗ್ ಒನ್‌ಗೆ (ಮೇಲಿಂದ ಮೂರನೇ ಮೆಟ್ಟಿಲು) ಹೋದಾಗಲೂ ಕೊನೇ ಪೆನಾಲ್ಟಿ ಅವನದ್ದೇ, ಆ ಮನುಷ್ಯ ನಡ್ಕೊಂಡು ಬರೋ ಬೀರು ಇದ್ದಂಗೆ.

ರೆಡ್ಸ್ ರಾಘು:
2022ರಲ್ಲಿ ಲೀಗ್ ಟೂಗೆ ವಾಪಸ್ ಬಿದ್ರಲ್ಲ ಅದೂ ಹೇಳಿ, ಬರೀ ಗೆದ್ದಿದ್ದೇ ಹೇಳ್ತೀರಾ.

ಲಾಂಗ್‌ಬಾಲ್ ಲೋಕಿ:
ಬಿದ್ರು. 2024ರ ಸೆಪ್ಟೆಂಬರ್‌ನಲ್ಲಂತೂ ಪಕ್ಕದ ವಾಂಡಲ್ ನದಿ ಉಕ್ಕಿ ಪಿಚ್‌ನಲ್ಲೇ ಗುಂಡಿ ಬಿದ್ದು, ನ್ಯೂಕ್ಯಾಸಲ್ ಜೊತೆ ಮನೇಲಿ ಆಡಬೇಕಿದ್ದ ಲೀಗ್ ಕಪ್ ಮ್ಯಾಚು ನ್ಯೂಕ್ಯಾಸಲ್‌ಗೇ ಹೋಯ್ತು. ಅದೇ ಸೀಸನ್ ಕೊನೇಲಿ, 2025ರ ಮೇ 26ಕ್ಕೆ, ವೆಂಬ್ಲಿಯಲ್ಲಿ ವಾಲ್ಸಾಲ್ ಮೇಲೆ ಮೈಲ್ಸ್ ಹಿಪ್ಪೊಲೈಟ್ ಗೋಲಿಂದ 1-0, ಮತ್ತೆ ಲೀಗ್ ಒನ್. ಎಂಕೆ ಡಾನ್ಸ್ ಆ ವರ್ಷ ಲೀಗ್ ಟೂನಲ್ಲೇ ಉಳೀತು.

ಕಪ್ ಯಾರದ್ದು ಅನ್ನೋಕೆ ನನ್ನ ಉತ್ತರ: ಕಾಗದದಲ್ಲಿ ನೋಡಿದ್ರೆ ಆ ಕ್ಲಬ್‌ನ ಲೀಗ್ ಜಾಗ ಹೋಗಿದ್ದು ಮಿಲ್ಟನ್ ಕೀನ್ಸ್‌ಗೆ, ಜನ ಹೋಗಿದ್ದು ಎಎಫ್‌ಸಿ ವಿಂಬಲ್ಡನ್‌ಗೆ. ಎಂಕೆ ಕ್ಲಬ್ಬೇ ಆ ಕಪ್ ಬಿಟ್ಕೊಟ್ಟಿರೋವಾಗ ಇಲ್ಲಿ ಬೆಂಗಳೂರಲ್ಲಿ ಕೂತು ಅವರಿಗೆ ಕೊಡೋಕೆ ನಾವ್ಯಾರು.

ಎಂಕೆ ನಿವಾಸಿ:
ಕಪ್ ವಿಷಯದಲ್ಲಿ ನನ್ನದೂ ಅದೇ ಮಾತು. "ಡಾನ್ಸ್" ಹೆಸರಿನ ಬಗ್ಗೆ ಮಾತ್ರ ಸುಮಾ ಮೇಡಂ ಜೊತೆ ಒಪ್ಪಲ್ಲ, ಇಪ್ಪತ್ತು ವರ್ಷ ಆ ಹೆಸರು ಕೂಗಿದೀವಿ ನಾವು.

ಟೂಟಿಂಗ್ ಸುಮ:
ಒಪ್ಪಬೇಡಿ. ಮುಂದಿನ ಸಲ ಡ್ರಾನಲ್ಲಿ ಎರಡೂ ಟೀಮು ಸಿಕ್ಕಿದ್ರೆ ಮಗಳನ್ನ ಕರ್ಕೊಂಡು ಬನ್ನಿ, ಟೂಟಿಂಗ್‌ನಲ್ಲಿ ದೋಸೆ ನನ್ನ ಲೆಕ್ಕ. ಸ್ಟೇಡಿಯಂ ಒಳಗೆ ಮಾತ್ರ ನಿಮ್ಮ ಸ್ಟ್ಯಾಂಡ್ ನಿಮಗೆ, ನಮ್ಮದು ನಮಗೆ.